ಇಪ್ಪತ್ಮೂರನೇ ಮಹಡಿಯ ಗಿರಾಕಿ

ಇಪ್ಪತ್ತೊಂಬತ್ತು ವರ್ಷದಿಂದ ನಾನು ಕೌಂಟರಿನ ಒಳಗಡೆ ನಿಂತವಳು. ದಾವಣಗೆರೆಯ ಚೌಕಿಪೇಟೆ ಹತ್ತಿರ ನಮ್ಮದೊಂದು ಮ್ಯಾಚಿಂಗ್ ಸೆಂಟರ್ ಇದೆ. ಬ್ಲೌಸ್ ಪೀಸು, ಫಾಲು, ಲೈನಿಂಗು, ಲಂಗದ ಬಟ್ಟೆ. ಸೀರೆ ಕವರಲ್ಲಿ ಹಿಡಿದುಕೊಂಡು ಬಂದವರನ್ನು ಬಾಗಿಲ ಬೆಳಕಿಗೆ ಕರೆದು, 'ಇದಕ್ಕೆ ರಾಣಿ ಕಲರ್ ಕೂಡಲ್ಲ, ಇನ್ನೊಂದು ಶೇಡು ಇಳೀಬೇಕು' ಅಂತ ಹೇಳುವುದು ನನ್ನ ಕಸುಬು. ಕೌಂಟರಿನ ಆ ಕಡೆ ನಿಂತು ನನಗೆ ಅಭ್ಯಾಸವೇ ಇಲ್ಲ. ಅದು ಎಷ್ಟರಮಟ್ಟಿಗೆ ಇಲ್ಲ ಅನ್ನುವುದು ಗೊತ್ತಾಗಿದ್ದು ಬ್ಯಾಂಕಾಕಿನಲ್ಲಿ.

ಮಗಳಿಗೆ ಅಲ್ಲಿ ಆಫೀಸಿನ ಎರಡು ದಿನದ ಮೀಟಿಂಗು. 'ರೂಮು ಕಂಪನಿದು, ಇಬ್ಬರು ಮಲಗಬಹುದು, ನಿನ್ನ ಟಿಕೆಟ್ ನಾನು ತೆಗೀತೀನಿ, ಬಾ' ಅಂದಳು. ಬುಧವಾರ ಹೋಗಿ ಶನಿವಾರ ವಾಪಸ್. ಮದುವೆ ಸೀಸನ್ ಅಲ್ಲ, ಅಂಗಡಿಯಲ್ಲಿ ಗಂಗಾ ಇದ್ದಳು, ಹೊರಟೆ. ಬೆಂಗಳೂರಿಂದ ನಾಲ್ಕು ಗಂಟೆ ವಿಮಾನ, ಗಡಿಯಾರ ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿದರೆ ಆಯ್ತು.

ಹೋಟೆಲಿನ ಹೆಸರು ಬರೆಯುವುದಿಲ್ಲ, ಜಾಹೀರಾತು ಅನ್ನಿಸೀತು. ರಾಚಪ್ರಸೋಂಗ್ ಅನ್ನುವ ಕೂಡುರಸ್ತೆಯ ಹತ್ತಿರದ್ದು. ಸುತ್ತ ಎಲ್ಲಿ ನೋಡಿದರೂ ಮಾಲುಗಳು, ತಲೆ ಮೇಲೆ ಓಡುವ ರೈಲು, ಆ ರೈಲಿನ ಕಂಬಗಳಿಗೆ ಅಂಟಿಕೊಂಡೇ ಜನ ನಡೆಯುವ ಮೇಲ್ಸೇತುವೆ. ಚಿಟ್ ಲೋಮ್ ಸ್ಟೇಷನ್ನಿನಿಂದ ರಸ್ತೆಗೆ ಕಾಲಿಡದೆಯೇ ಒಂದು ಮಾಲಿನಿಂದ ಇನ್ನೊಂದಕ್ಕೆ ಹೋಗಿಬಿಡಬಹುದು. ನಮ್ಮ ರೂಮು ಇಪ್ಪತ್ಮೂರನೇ ಮಹಡಿ.

ರೂಮಿಗೆ ಹೋದವಳೇ ನಾನು ಮಾಡಿದ ಮೊದಲ ಕೆಲಸ ಪರದೆ ತಿರುಗಿಸಿ ಒಳಗಿನ ಲೈನಿಂಗ್ ನೋಡಿದ್ದು. ಮಗಳು ಹಣೆ ಚಚ್ಚಿಕೊಂಡಳು. ಏನು ಮಾಡಲಿ, ಕೈ ಕೇಳುವುದಿಲ್ಲ. ಬೆಡ್‌ಶೀಟು ಅಪ್ಪಟ ಕಾಟನ್, ಒತ್ತು ನೇಯ್ಗೆ, ಪನ್ನಾ, ಅಂದರೆ ಬಟ್ಟೆಯ ಅಗಲ, ಎಷ್ಟು ದೊಡ್ಡದು ಅಂದರೆ ಮಧ್ಯೆ ಒಂದು ಜಾಯಿಂಟೂ ಇಲ್ಲ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನವಳು ನಾನು. ಅಂಥ ಬಟ್ಟೆಯ ಮೇಲೆ ಮಲಗಲು ಒಂಥರಾ ಸಂಕೋಚ. ಮುಟ್ಟಿ ಮಾರುವ ಮಾಲನ್ನು ಮೈಗೆ ಸುತ್ತಿಕೊಂಡ ಹಾಗೆ.

ಕಿಟಕಿ ತೆಗೆಯಲು ಬರುವುದಿಲ್ಲ. ಕೆಳಗೆ ಅಷ್ಟು ಗಾಡಿ ಓಡುತ್ತವೆ, ಮೇಲಕ್ಕೆ ಒಂದು ಹಾರ್ನೂ ಕೇಳಿಸುವುದಿಲ್ಲ. ಚೌಕಿಪೇಟೆ ಗದ್ದಲದಲ್ಲಿ ಮಧ್ಯಾಹ್ನ ಕೂತಲ್ಲೇ ಕಣ್ಣುಮುಚ್ಚುವ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಳಗ್ಗೆ ಎದ್ದು ಹಾಸಿಗೆ ಸರಿ ಮಾಡಿದೆ. ಟವೆಲ್‌ಗಳನ್ನು ಅಂಗಡಿಯಲ್ಲಿ ಮಡಚುವ ಹಾಗೆ ಅಂಚಿಗೆ ಅಂಚು ಕೂಡಿಸಿ ಒಟ್ಟಿದೆ. 'ಅಮ್ಮ, ಅದಕ್ಕೆ ಅವರಿದಾರೆ, ನೀನು ಗೆಸ್ಟು' ಅಂತ ಮಗಳು. 'ಗೆಸ್ಟ್ ಆದ್ರೆ ಕೈ ಮುರ್ಕೊಂಡು ಕೂರ್ಬೇಕಾ?' ಅಂದೆ. ಅವಳು ಮೀಟಿಂಗಿಗೆ ಹೋದಳು. ತಿಂಡಿಗೆ ಒಬ್ಬಳೇ ಇಳಿದೆ. ಅದೊಂದು ಸಂತೆ. ಇಡ್ಲಿಯೂ ಇತ್ತು, ಸಾಂಬಾರೂ ಇತ್ತು, ಆ ಸಾಂಬಾರಿನ ಬಗ್ಗೆ ಮಾತು ಬೇಡ. ನಮ್ಮಂಥ ಸಸ್ಯಾಹಾರಿಗಳಿಗೆ ಒಂದು ಉಪಯೋಗದ ಮಾತು: ಅಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ. ಹೊರಗೆ ತಿನ್ನುವಾಗ ಹಳದಿ ಬಾವುಟದ ಮೇಲೆ ಕೆಂಪಗೆ, ನಮ್ಮ ಕಣ್ಣಿಗೆ 17ರ ಹಾಗೆ ಕಾಣುವ ಅಕ್ಷರ ಹುಡುಕಬೇಕು. ಅದು 'ಜೇ'. ಮಾಂಸವೂ ಇಲ್ಲ, ಮೊಟ್ಟೆಯೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಬೆಳ್ಳುಳ್ಳಿ ಇಲ್ಲದ್ದು ನನಗೆ ಸ್ವಲ್ಪ ಬೇಜಾರೇ.

ತಿಂಡಿ ಮುಗಿಸಿ ಬಂದರೆ ರೂಮಿನಲ್ಲಿ ಕ್ಲೀನಿಂಗ್ ನಡೆದಿತ್ತು. ನನ್ನ ವಯಸ್ಸಿನ ಹೆಂಗಸು. ನಾನು ಒಟ್ಟಿದ್ದ ಟವೆಲ್‌ಗಳನ್ನು ತೋರಿಸಿ, ನನ್ನನ್ನು ತೋರಿಸಿ, ಹುಬ್ಬೇರಿಸಿದಳು. ಹೌದೆಂದು ತಲೆ ಆಡಿಸಿದೆ. ಹತ್ತಿರ ಬಂದು, ಕೇಳಿಯೇ ಮುಟ್ಟುವವರ ಹಾಗೆ ಕೈ ಒಂದು ಕ್ಷಣ ಗಾಳಿಯಲ್ಲಿ ನಿಲ್ಲಿಸಿ, ಆಮೇಲೆ ನನ್ನ ಸೆರಗು ಹಿಡಿದು 'ಮೈ? ಮೈ?' ಅಂದಳು. ನನ್ನ ಮೈಗೆ ಏನಾಯ್ತಪ್ಪ ಅಂದುಕೊಂಡೆ. ಅವರ ಭಾಷೆಯಲ್ಲಿ ರೇಷ್ಮೆಗೆ 'ಮೈ' ಅನ್ನುತ್ತಾರೆ ಅಂತ ಸಂಜೆ ಮಗಳು ಫೋನಿನಲ್ಲಿ ನೋಡಿ ಹೇಳಿದಳು. ನಾನು ಉಟ್ಟಿದ್ದು ಇಳಕಲ್ಲು, ಟೋಪು ತೆನಿ ಸೆರಗಿನದು. ಒಡಲು ಹತ್ತಿ, ಸೆರಗು ರೇಷ್ಮೆ. ಎರಡೂ ಕೂಡುವ ಗೆರೆಯನ್ನು ಬೆರಳಿಟ್ಟು ತೋರಿಸಿದೆ. ಅವಳು ಬೆಳಕಿಗೆ ಹಿಡಿದು, ಹಿಂದಿನಿಂದ ತಿರುಗಿಸಿ ನೋಡಿದಳು. ಬಟ್ಟೆ ಗೊತ್ತಿರುವವರು ಯಾವಾಗಲೂ ಹಿಂಬದಿಯನ್ನೇ ಮೊದಲು ನೋಡುವುದು. ಹೋಟೆಲಿಗೆ ಬಂದು ಹದಿನಾಲ್ಕು ಗಂಟೆಯಾದ ಮೇಲೆ ಆಗ ನನಗೆ ಸಲೀಸಾಗಿ ಉಸಿರಾಡಿದ ಹಾಗಾಯ್ತು.

ಆ ಕೂಡುರಸ್ತೆಯ ಮೂಲೆಯಲ್ಲಿ ಬ್ರಹ್ಮನ ಗುಡಿ ಇದೆ. ಬ್ರಹ್ಮನಿಗೆ ಪೂಜೆ ಇಲ್ಲ ಅಂತ ಶಾಪ ಅನ್ನುವ ಕತೆ ನಾವೆಲ್ಲ ಕೇಳಿದ್ದೇವಲ್ಲ, ಇಲ್ಲಿ ಅವನಿಗೆ ಪುರುಸೊತ್ತಿಲ್ಲ. 1950ರ ದಶಕದಲ್ಲಿ ಸರ್ಕಾರ ಅಲ್ಲೊಂದು ದೊಡ್ಡ ಹೋಟೆಲು ಕಟ್ಟಿಸುತ್ತಿತ್ತು, ಹೆಸರು ಎರಾವನ್, ಅಂದರೆ ನಮ್ಮ ಐರಾವತ. ಕೆಲಸಕ್ಕೆ ಸಾಲುಸಾಲು ವಿಘ್ನ. ಜ್ಯೋತಿಷಿಯ ಮಾತು ಕೇಳಿ 1956ರಲ್ಲಿ ಬ್ರಹ್ಮನನ್ನು ಕೂರಿಸಿದರು. ಐರಾವತ ಇಂದ್ರನ ಆನೆ, ಬ್ರಹ್ಮ ಯಾಕೆ ಬಂದ ಅಂತ ನಾನು ಕೇಳಿದರೆ ಮಗಳಿಗೂ ಉತ್ತರವಿಲ್ಲ. ಆ ಹಳೇ ಹೋಟೆಲು ಹೋಗಿ ಅದರ ಜಾಗದಲ್ಲಿ ಬೇರೆ ಹೋಟೆಲು ಬಂತು, ಬ್ರಹ್ಮ ಮಾತ್ರ ಕದಲಲಿಲ್ಲ. 2015ರ ಆಗಸ್ಟ್ 17ರಂದು ಅಲ್ಲಿ ಬಾಂಬ್ ಸಿಡಿದು 20 ಜನ ಸತ್ತರು. ಈಗ ಅದೇ ಅಂಗಳದಲ್ಲಿ ಕಿರೀಟ ತೊಟ್ಟ ಹುಡುಗಿಯರು ಕುಣಿಯುತ್ತಾರೆ. ಹರಕೆ ತೀರಿದವರು ಅವರಿಗೆ ದುಡ್ಡು ಕೊಟ್ಟು ಕುಣಿಸುವುದು. ಇಷ್ಟು ಜನ ಕುಣಿದರೆ ಇಷ್ಟು ರೇಟು. ರೇಟು ಎದುರಿಗೇ ಇದೆ, ಚೌಕಾಶಿ ಇಲ್ಲ. ನನಗೆ ಇಷ್ಟವಾಯ್ತು.

ಗುರುವಾರ ರಾತ್ರಿ ದೊಡ್ಡ ಮಾಲೊಂದರ ಮುಂದೆ ತ್ರಿಮೂರ್ತಿಯ ಹತ್ತಿರ ಹುಡುಗ ಹುಡುಗಿಯರ ಗುಂಪು, ಎಲ್ಲರ ಕೈಯಲ್ಲೂ ಕೆಂಪು ಗುಲಾಬಿ. ಒಂಬತ್ತೂವರೆಗೆ ದೇವರು ಇಳಿದು ಬಂದು ಪ್ರೀತಿಯ ಹರಕೆ ಕೇಳಿಸಿಕೊಳ್ಳುತ್ತಾನಂತೆ. ಗಂಟೆ ಒಂಬತ್ತು ಇಪ್ಪತ್ತು. ನಾನು ಮಗಳ ಮುಖ ನೋಡಿದೆ. 'ಅಮ್ಮ, ಬಾಯಿ ತೆಗೀಬೇಡ' ಅಂದಳು. ತೆಗೆಯಲಿಲ್ಲ. ಆದರೂ ಅಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತುಕೊಂಡೆ, ಕಾಲು ನೋವು ಅಂತ ಹೇಳಿ.

ಶುಕ್ರವಾರ ಅಂಗಡಿಯಲ್ಲಾದರೆ ಲಕ್ಷ್ಮಿ ಪೂಜೆ. ಇಲ್ಲೂ ತಪ್ಪಲಿಲ್ಲ. ಎದುರಿನ ಗೇಸಾರ್ನ್ ಮಾಲಿನ ನಾಲ್ಕನೇ ಮಹಡಿಯಲ್ಲಿ ಲಕ್ಷ್ಮಿ ನಿಂತಿದ್ದಾಳೆ. ಲಿಫ್ಟಿನಲ್ಲಿ ಹೋಗಿ ಕೈಮುಗಿದು ಬಂದೆ. ದಾರಿಯ ಅಂಗಡಿಗಳಲ್ಲಿ ಒಂದು ಬ್ಯಾಗಿನ ಚೀಟಿ ನೋಡಿ, ಅವರ ಒಂದು ಬಾತಿಗೆ ನಮ್ಮ ಎರಡೂವರೆ ರೂಪಾಯಿ ಅಂತ ಮನಸ್ಸಲ್ಲೇ ಗುಣಿಸಿ, ಲಕ್ಷ್ಮಿ ಈ ಮಹಡಿ ಯಾಕೆ ಆರಿಸಿಕೊಂಡಳು ಅಂತ ಅರ್ಥ ಮಾಡಿಕೊಂಡೆ.

ಅಲ್ಲಿಂದ ಕಾಲ್ನಡಿಗೆಯಲ್ಲೇ ಪ್ರತೂನಾಮ್. ಸೇನ್ ಸೇಪ್ ಕಾಲುವೆ ದಾಟಿದರೆ ಆಯ್ತು. ಕಪ್ಪು ನೀರು, ಉದ್ದನೆಯ ದೋಣಿಗಳು, ನೀರು ಚಿಮ್ಮದಂತೆ ಪಕ್ಕದಲ್ಲಿ ಕೂತವರು ಹಗ್ಗ ಎಳೆದು ಎತ್ತುವ ತಾಡಪಾಲು. ಆಚೆ ದಡದಲ್ಲಿ ನನ್ನ ಲೋಕ! ಪ್ಲಾಟಿನಂ ಅನ್ನುವ ಆ ಕಟ್ಟಡದಲ್ಲಿ ಮಹಡಿ ಮೇಲೆ ಮಹಡಿ ರೆಡಿಮೇಡ್ ಮಳಿಗೆಗಳು. ಒಂದು ಕೊಂಡರೆ ಒಂದು ರೇಟು, ಮೂರು ಕೊಂಡರೆ ಹೋಲ್‌ಸೇಲು. ಭಾಷೆ ಬೇಡ, ಕ್ಯಾಲ್ಕುಲೇಟರ್ ಸಾಕು. ಅವಳು ಒತ್ತಿ ತೋರಿಸುತ್ತಾಳೆ, ನಾನು ಅಳಿಸಿ ಒತ್ತುತ್ತೇನೆ, ಅವಳು ಎದೆ ಮೇಲೆ ಕೈಯಿಟ್ಟುಕೊಂಡು ನರಳುತ್ತಾಳೆ. ಆ ನರಳಾಟ ನಾನೂ ದಿನಾ ನರಳುವುದೇ. ಯಾವುದು ನಿಜವಾಗಿ ಗಿಟ್ಟದ ನರಳಾಟ, ಯಾವುದು ಇನ್ನೂ ಇಪ್ಪತ್ತು ಇಳಿಸಬಹುದಾದದ್ದು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅಂಗಡಿಯ ಹುಡುಗಿಯರಿಗೆಲ್ಲ ಕುರ್ತಾ ತಗೊಂಡೆ, ಗಂಗಾಗೆ ಎರಡು. ಥಾನಿನ ಬಟ್ಟೆ ಬೇಕಿದ್ದರೆ ಫಾಹುರತ್‌ಗೆ ಹೋಗಬೇಕಿತ್ತು, ಚೈನಾಟೌನ್ ಮಗ್ಗುಲಲ್ಲಿ, ಗುರುದ್ವಾರದ ಸುತ್ತ ಬಟ್ಟೆ ಅಂಗಡಿಗಳೇ ಅಂತೆ. ಸಮಯವಾಗಲಿಲ್ಲ. ಆ ಕೊರಗು ಇನ್ನೂ ಇದೆ.

ಎರಡು ಕೈ ತುಂಬ ಕಪ್ಪು ಪ್ಲಾಸ್ಟಿಕ್ ಚೀಲ ಹಿಡಿದು ಹೋಟೆಲಿಗೆ ಬಂದೆ. ಆ ಅಮೃತಶಿಲೆಯ ನೆಲ, ಆ ಹೂದಾನಿ, ನನ್ನ ಚೀಲಗಳ ಚರಚರ ಸದ್ದು. ಬಾಗಿಲ ಹುಡುಗ ಓಡಿಬಂದು ಈಸಿಕೊಳ್ಳಲು ಕೈ ಚಾಚಿದ. ಕೊಡಲಿಲ್ಲ. ಮಾಲು ಬೇರೆಯವರ ಕೈಗೆ ಕೊಟ್ಟು ಗೊತ್ತಿಲ್ಲ. ಅವನು ಬರಿಗೈಯಲ್ಲಿ ನನ್ನ ಜೊತೆ ಲಿಫ್ಟಿನವರೆಗೆ ನಡೆದು, ಗುಂಡಿ ಒತ್ತಿ, ಕೈಮುಗಿದ. ಪಾಪ, ಅವನಿಗೂ ಏನಾದರೊಂದು ಮಾಡಲೇಬೇಕಿತ್ತಲ್ಲ.

ಶನಿವಾರ ಎಂಟಕ್ಕೆ ಟ್ಯಾಕ್ಸಿ. ಆರು ಗಂಟೆಗೆ ಮಗಳನ್ನು ಎಬ್ಬಿಸದೆ ಕೆಳಗಿಳಿದೆ. ಮಾಲುಗಳ ಬಾಗಿಲು ತೆರೆಯುವುದು ಹತ್ತಕ್ಕೆ, ರಸ್ತೆಯಲ್ಲಿ ಕಸ ಗುಡಿಸುವವರು ಬಿಟ್ಟರೆ ಯಾರಿಲ್ಲ. ಬ್ರಹ್ಮನ ಗುಡಿಯ ಹತ್ತಿರ ಒಬ್ಬಳು ಚೆಂಡುಹೂವಿನ ಹಾರ ಜೋಡಿಸುತ್ತಿದ್ದಳು. ಹಾರಕ್ಕೆ ಅವರೂ 'ಮಾಲೈ' ಅನ್ನುತ್ತಾರೆ. ಒಂದನ್ನು ತೋರಿಸಿದೆ, ರೇಟು ಬೆರಳಲ್ಲಿ ಹೇಳಿದಳು, ಕೊಟ್ಟೆ. ಅಷ್ಟೊತ್ತಿನಲ್ಲಿ ಯಾರಾದರೂ ಚೌಕಾಶಿ ಮಾಡಿದರೆ ನಾನು ಅವರನ್ನು ದಿನವಿಡೀ ಬೈದುಕೊಳ್ಳುತ್ತೇನೆ. ಅವಳು ನೋಟನ್ನು ಮಡಚಲಿಲ್ಲ. ಅದರಿಂದ ತನ್ನ ಹಾರಗಳನ್ನೆಲ್ಲ ಒಂದೊಂದಾಗಿ ತಟ್ಟಿದಳು, ಬುಟ್ಟಿ ತಟ್ಟಿದಳು, ಮರದ ಆನೆಗಳ ಬೆನ್ನು ತಟ್ಟಿದಳು, ಏನೋ ಬಾಯಲ್ಲೇ ಹೇಳಿಕೊಂಡಳು.

ಬೋಣಿ!

ನಾನು ಎರಡೂ ಕೈಯನ್ನು ಕಣ್ಣಿಗೆ ಒತ್ತಿಕೊಂಡು, ನಾವು ಹೀಗೆ ಮಾಡ್ತೀವಿ ಅಂತ ತೋರಿಸಿದೆ. ಆಮೇಲೆ ಮೂಗಿನಿಂದ ಚಾಚಿದ ಕೈವರೆಗೆ ಬಟ್ಟೆ ಅಳೆದು, ಕತ್ತರಿ ಹಾಕಿ, ಟರ್‌ ಅಂತ ಹರಿದು ತೋರಿಸಿದೆ. ಅವಳಿಗೆ ತಿಳಿಯಿತು. ಜೋರಾಗಿ ನಕ್ಕು, ಬುಟ್ಟಿಯ ತಳದಿಂದ ಒಂದು ಮಲ್ಲಿಗೆಯ ತುಂಡು ತೆಗೆದು ನನ್ನ ಹಾರದ ಮೇಲೆ ಕೊಸರು ಇಟ್ಟಳು.