ಹಿಡಿ ಅಕ್ಕಿಯ ಹರಕೆ

ನಮ್ಮ ಮನೆಯಲ್ಲಿ ಅಕ್ಕಿಗೆ ಎರಡು ಟಿನ್. ಒಂದು ನಮ್ಮದು. ಇನ್ನೊಂದು ಹೊರನಾಡಿನ ತಾಯಿ ಅನ್ನಪೂರ್ಣೇಶ್ವರಿಯದು. ದಿನಾ ಅನ್ನಕ್ಕೆ ಅಕ್ಕಿ ತೆಗೆಯುವ ಮೊದಲು ಅಮ್ಮ ಒಂದು ಹಿಡಿ ತೆಗೆದು ತಾಯಿಯ ಟಿನ್ನಿಗೆ ಹಾಕುತ್ತಾಳೆ. ಆಮೇಲೆ ನಮ್ಮ ಪಾತ್ರೆಗೆ. ನಾನು ಹುಟ್ಟುವ ಮೊದಲಿಂದಲೂ ಹೀಗೇ. ಹುಳ ಹಿಡಿಯಬಾರದು ಅಂತ ಅದರೊಳಗೆ ನಾಲ್ಕು ಒಣಮೆಣಸಿನಕಾಯಿ ಇರುತ್ತವೆ. ಅಮ್ಮನದು ಚಿಕ್ಕ ಕೈ. ಆದರೂ ವರ್ಷ ತುಂಬುವಾಗ 14–15 ಕೆ.ಜಿ. ಆಗಿರುತ್ತದೆ. ಅಕ್ಷಯ ತದಿಗೆ ಕಳೆದ ಮೇಲೆ ಬರುವ ಭಾನುವಾರ ಅದನ್ನು ಚೀಲಕ್ಕೆ ಕಟ್ಟಿಕೊಂಡು ಹೊರನಾಡಿಗೆ ಹೋಗುತ್ತೇವೆ.

ಅಕ್ಷಯ ತದಿಗೆ ಅಂದರೆ ಅನ್ನಪೂರ್ಣೇಶ್ವರಿ ಹುಟ್ಟಿದ ದಿನ ಅಂತ ನಂಬಿಕೆ. ಆ ದಿನವೇ ಹೋಗಬೇಕು ಅಂತ ಅಮ್ಮನಿಗೂ ಆಸೆ ಇತ್ತು. ಆದರೆ ಆಗ ನಮ್ಮದು ಸಂಸೆ ಕಡೆಯ ಟೀ ತೋಟದಲ್ಲಿ ಕೂಲಿಯವರ ಲೈನು ಮನೆ. ಬೇಸಿಗೆಯ ಮೊದಲ ಮಳೆ ಬಿದ್ದು ಟೀ ಗಿಡ ಚಿಗುರುವುದು ಸರಿಯಾಗಿ ಆ ಹೊತ್ತಿಗೇ. ಎರಡು ಎಲೆ, ಒಂದು ಸುಳಿ. ಅದು ಎಳೆಯದಾಗಿರುವಾಗಲೇ ಚಿವುಟಬೇಕು. ಬಲಿತು ಹೋದರೆ ಟೀ ಚೆನ್ನಾಗಿ ಬರುವುದಿಲ್ಲ. ನಾಲ್ಕೂವರೆ ಕೆ.ಜಿ. ಹಸಿ ಸೊಪ್ಪು ಕೊಯ್ದರೆ ಒಂದು ಕೆ.ಜಿ. ಟೀ ಪುಡಿ ಅಷ್ಟೇ. ಅಂಥ ಸಮಯದಲ್ಲಿ ರಜೆ ಹೇಗೆ ಕೇಳುವುದು? ಹಾಗಾಗಿ ಭಾನುವಾರ. ತಾಯಿಗೆ ಗೊತ್ತಾಗುತ್ತೆ ಬಿಡು, ಅನ್ನುತ್ತಿದ್ದಳು ಅಜ್ಜಿ.

ಅಜ್ಜಿಗೆ ಹೊರನಾಡು ತವರುಮನೆ ಇದ್ದ ಹಾಗೆ. 1973ರಲ್ಲಿ ಈಗಿನ ಮೂರ್ತಿಯ ಪ್ರತಿಷ್ಠೆ ಆಯಿತಲ್ಲ, ಆಗ ಕಳಸದಿಂದ ನಡೆದುಕೊಂಡೇ ಹೋಗಿದ್ದಳಂತೆ. ಶಿವನ ಕೈಗೆ ಅಂಟಿದ ಕಪಾಲದ ಕಥೆಯನ್ನು ನನಗೆ ಹೇಳಿದವಳೂ ಅವಳೇ. ಬ್ರಹ್ಮನ ಐದನೇ ತಲೆ ತೆಗೆದ ಮೇಲೆ ಆ ಬುರುಡೆ ಶಿವನ ಕೈ ಬಿಡಲೇ ಇಲ್ಲ. ಅದು ತುಂಬಿದ ದಿನ ಬಿಟ್ಟುಹೋಗುತ್ತದೆ ಅಂತ ಇತ್ತು. ಎಷ್ಟು ಮನೆ ತಿರುಗಿದರೂ ತುಂಬಲಿಲ್ಲ. ಕೊನೆಗೆ ಅನ್ನಪೂರ್ಣೆ ಬಡಿಸಿದಾಗ ತುಂಬಿತು. ಈ ಕಥೆ ಹೇಳುವಾಗ ಅಜ್ಜಿ ಪ್ರತಿ ಸಲ ತನ್ನ ಅಂಗೈ ಮುಂದೆ ಚಾಚಿ ತೋರಿಸುತ್ತಿದ್ದಳು. ಟೀ ಸೊಪ್ಪಿನ ಕಪ್ಪು ಕಲೆ ಹೋಗದ ಅಂಗೈ ಅದು. ನನಗೆ ಶಿವನ ಕೈ ಅಂದರೆ ಇವತ್ತಿಗೂ ಅದೇ ಕಣ್ಣ ಮುಂದೆ ಬರುತ್ತದೆ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಹರಕೆ ತಪ್ಪಿತು.

ಅದು ಆಷಾಢದ ಮಳೆ. ಹೊರಗೆ ಕಾಲಿಟ್ಟರೆ ಜಿಗಣೆ, ಒಳಗೆ ಒಲೆ ಹತ್ತಿಸಿದರೆ ಬರೀ ಹೊಗೆ. ಅಮ್ಮ ಆಗ ಕೆಲಸಕ್ಕೆ ಹೋಗುತ್ತಿದ್ದ ತೋಟದಲ್ಲಿ ಎರಡು ತಿಂಗಳಿಂದ ಬಟವಾಡೆ ಆಗಿರಲಿಲ್ಲ. ಅಂಗಡಿಯಲ್ಲಿ ಸಾಲ ಬರೆಸಿ ಬರೆಸಿ ಇನ್ನು ಕೇಳಲು ಮುಖ ಇರಲಿಲ್ಲ. ಒಂದು ಸಂಜೆ ನಮ್ಮ ಟಿನ್ ಖಾಲಿ ಆಯಿತು. ತಾಯಿಯ ಟಿನ್ನಿನಲ್ಲಿ ಎರಡೂವರೆ ತಿಂಗಳ ಹಿಡಿ ಅಕ್ಕಿ ಇತ್ತು. ಮೂರು ಕೆ.ಜಿ. ಇದ್ದಿರಬೇಕು.

ಅಮ್ಮ ಅದನ್ನು ಮುಟ್ಟಲಿಲ್ಲ. ಹೊರನಾಡಿಗೆ ಹೋಗಿ, ಕೈಮುಗಿದು, ಕೇಳಿಕೊಂಡು ಬಂದು ಆಮೇಲೆ ತೆಗೆಯುತ್ತೇನೆ ಅಂದಳು. ಬೆಳಿಗ್ಗೆ ಕಳಸದ ತನಕ ಹೋದಳು ಕೂಡ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿತ್ತು. ಮಳೆಗಾಲದಲ್ಲಿ ಅದು ಮುಳುಗುವುದು, ಕಳಸಕ್ಕೂ ಹೊರನಾಡಿಗೂ ದಾರಿ ಕಟ್ಟಾಗುವುದು ಹೊಸದೇನಲ್ಲ. ದಡದಲ್ಲಿ ನಿಂತು ಆ ಕೆಂಪು ನೀರಿಗೇ ಕೈಮುಗಿದು ವಾಪಸ್ ಬಂದಳು. ಪೂರ್ತಿ ನೆನೆದಿದ್ದಳು. ಬಾಗಿಲಲ್ಲಿ ನನ್ನ ತಮ್ಮ ಹಸಿವು ಅಂತ ಅಳುತ್ತಿದ್ದ.

"ಅದು ಅವಳ ಅಕ್ಕಿ ಅಲ್ವೇನೆ? ಮಕ್ಕಳು ಹಸಿದಿದ್ದಾರೆ ಅಂತ ಅವಳೇ ಕೂಡಿಟ್ಟಿದ್ದಾಳೆ. ತೆಗಿ," ಅಂದಳು ಅಜ್ಜಿ.

ಅಮ್ಮ ದೀಪ ಹಚ್ಚಿ, ಟಿನ್ನಿನ ಮುಂದೆ ಕೂತು, ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ ಅಳೆದಳು. ಆ ದಿನವೂ ಮೊದಲ ಹಿಡಿ ಪಕ್ಕಕ್ಕೆ ತೆಗೆದಿಟ್ಟಳು, ತಾಯಿಯ ಅಕ್ಕಿಯಿಂದಲೇ ತಾಯಿಗೆ. ಅದು ನನಗೆ ಚೆನ್ನಾಗಿ ನೆನಪಿದೆ. ನಾಲ್ಕು ದಿನ ಆ ಅಕ್ಕಿ ಉಂಡೆವು. ಐದನೇ ದಿನ ಬಟವಾಡೆ ಆಯಿತು. ಇದನ್ನು ನಾನು ಪವಾಡ ಅಂತ ಹೇಳುತ್ತಿಲ್ಲ. ಆ ನಾಲ್ಕು ದಿನದ ಅನ್ನ ಇತ್ತಲ್ಲ, ನನಗೆ ಅದೇ ದೊಡ್ಡದು.

ಅವತ್ತಿನಿಂದ ಅಮ್ಮ ದಿನಕ್ಕೆ ಎರಡು ಹಿಡಿ ತೆಗೆಯಲು ಶುರು ಮಾಡಿದಳು. ಎರಡೂವರೆ ತಿಂಗಳಿಗೆ ಲೆಕ್ಕ ಚುಕ್ತಾ ಆಗುತ್ತಿತ್ತು. ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಮುಂದಿನ ಅಕ್ಷಯ ತದಿಗೆ ತನಕ ಎರಡು ಹಿಡಿ. ಅಜ್ಜಿ ಹೇಳಿದ್ದು ಸರಿ, ಅದು ಸಾಲವೇ ಅಲ್ಲ. ಆದರೂ ಅಮ್ಮ ಮಾಡಿದ್ದನ್ನು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ತಾಯಿ ಲೆಕ್ಕ ಇಡುವುದಿಲ್ಲ ಅಂತ ಗೊತ್ತಿದ್ದೂ ಇವಳು ಇಟ್ಟಳು. ಪ್ರೀತಿ ಇದ್ದಲ್ಲಿ ಹಾಗೇ ಅಲ್ವಾ?

ಆ ವರ್ಷ ಚೀಲ ಭಾರ ಇತ್ತು. ಕಳಸದಲ್ಲಿ ಇಳಿದು ಮೊದಲು ಕಳಸೇಶ್ವರನಿಗೆ ಕೈಮುಗಿದೆವು. ಮೆಟ್ಟಿಲು ಹತ್ತುವಾಗ ಚೀಲವನ್ನು ಕೆಳಗೆ ಇಡೋಣ ಅಂದರೂ ಅಮ್ಮ ಒಪ್ಪಲಿಲ್ಲ, ಹೊತ್ತುಕೊಂಡೇ ಹತ್ತಿದಳು. ಆಮೇಲೆ ಹೊರನಾಡಿನ ಬಸ್ಸು. ಹೆಬ್ಬಾಳೆಯಲ್ಲಿ ಭದ್ರೆ ಕಲ್ಲುಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಳು. ಅಮ್ಮ ಕಿಟಕಿಯಿಂದ ಅದನ್ನೇ ನೋಡುತ್ತಿದ್ದಳು, ಏನೂ ಮಾತಾಡಲಿಲ್ಲ.

ದೇವಸ್ಥಾನದಲ್ಲಿ ಗಂಡಸರು ಅಂಗಿ ಕಳಚಿ ಶಲ್ಯ ಹೊದ್ದು ಒಳಗೆ ಹೋಗಬೇಕು. ನನ್ನ ತಮ್ಮ ಅಜ್ಜಿಯ ಹಳೇ ಟವೆಲ್ ಹೊದ್ದಿದ್ದ. ಸಾಲು ಸರಿದು ಸರಿದು ಎದುರಿಗೆ ಬಂದರೆ, ಬಂಗಾರದ ಹೊಳಪಿನಲ್ಲಿ ನಿಂತಿದ್ದಾಳೆ ತಾಯಿ. ಕೂತ ದೇವಿ ಅಲ್ಲ, ನಿಂತ ದೇವಿ. ಶಂಖ, ಚಕ್ರ, ಶ್ರೀಚಕ್ರ, ಗಾಯತ್ರಿ ಹಿಡಿದ ನಾಲ್ಕು ಕೈ. ಬಡಿಸುವವಳು ಕೂತಿರುವುದು ಹೇಗೆ ಅಂತ ನನಗೆ ಯಾವಾಗಲೂ ಅನಿಸುತ್ತದೆ. ಎಲ್ಲರ ಊಟ ಆಗುವ ತನಕ ನಮ್ಮ ಅಮ್ಮನೂ ಅಡುಗೆಮನೆಯಲ್ಲಿ ಹಾಗೇ ನಿಂತಿರುತ್ತಾಳೆ.

ಅಕ್ಕಿ ಒಪ್ಪಿಸಿ ಊಟದ ಸಾಲಿನಲ್ಲಿ ಕೂತೆವು. ಅಲ್ಲಿ ಬಂದವರಿಗೆಲ್ಲ ಊಟ ಉಂಟು. ಯಾವ ಊರು, ಯಾವ ಜನ, ಏನು ತಂದಿರಿ ಅಂತ ಯಾರೂ ಕೇಳುವುದಿಲ್ಲ. ಬಿಸಿ ಅನ್ನ ಬಿತ್ತು, ಸಾರು ಬಿತ್ತು. ಅಮ್ಮ ಮೊದಲ ತುತ್ತು ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಮನೆಯಲ್ಲಿ ಯಾವಾಗಲೂ ಕೊನೆಯಲ್ಲಿ, ಉಳಿದದ್ದನ್ನು ಉಣ್ಣುವವಳು ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡಳು. ನಾನು ಅವಳನ್ನೇ ನೋಡುತ್ತಾ ಉಂಡೆ.

ಅಜ್ಜಿ ಈಗಿಲ್ಲ. ಅಮ್ಮ ಚಿಕ್ಕಮಗಳೂರಿನಲ್ಲಿ ನನ್ನ ಜೊತೆ ಇದ್ದಾಳೆ. ಇಲ್ಲಿ ಅಕ್ಕಿಗೆ ಕೊರತೆ ಇಲ್ಲ. ಎರಡು ಟಿನ್ ಮಾತ್ರ ಹಾಗೇ ಇವೆ. ವರ್ಷಗಟ್ಟಲೆ ಸೊಪ್ಪು ಚಿವುಟಿ ಅವಳ ಬೆರಳು ಸೊಟ್ಟ ಆಗಿವೆ, ಬಲಗೈ ಪೂರ್ತಿ ಮುಚ್ಚುವುದಿಲ್ಲ. ಹಿಡಿ ಹಿಡಿದರೆ ಅರ್ಧ ಅಕ್ಕಿ ಸಂದಿಯಿಂದ ಜಾರುತ್ತದೆ. ನಾನು ತೆಗೀತೀನಿ ಕೊಡಮ್ಮ ಅಂದರೆ ಕೊಡುವುದಿಲ್ಲ. ಒಂದು ಸಲ ತೆಗೆದು ಹಾಕಿ, ಮತ್ತೆ ಕೈ ಹಾಕುತ್ತಾಳೆ. ಹಾಗಾಗಿ ಈಗ ಮತ್ತೆ ದಿನಕ್ಕೆ ಎರಡು ಹಿಡಿ.

ಬರುವ ಭಾನುವಾರ ಹೊರಡುತ್ತೇವೆ. ಚೀಲ ತೊಳೆದು ಬಿಸಿಲಿಗೆ ಹಾಕಿದ್ದಾಳೆ.