ಕಡಲಿಲ್ಲದ ತುಮಕೂರಿನಲ್ಲಿ ಹಡಗಿನ ಪಾಠ ಎಲ್ಲಿಂದ ಶುರುವಾಗಬೇಕು?

ನಾನು ತುಮಕೂರಿನಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಎಲೆಕ್ಟ್ರಿಕಲ್ ಪಾಠ ಮಾಡುತ್ತೇನೆ. ಹಡಗಿನ ತಾಂತ್ರಿಕ ಕೆಲಸಕ್ಕೆ ಅವರನ್ನು ಅಣಿಗೊಳಿಸುವ ಕೋರ್ಸೊಂದರ ಕರಡು ಬರೆಯುತ್ತಿದ್ದೇನೆ ಎಂದಾಗಲೆಲ್ಲ ಕೇಳಿಬರುವ ಪ್ರಶ್ನೆ ಒಂದೇ: "ಕಡಲೇ ಇಲ್ಲದ ಊರಿನಲ್ಲಿ ಕುಳಿತು, ಅಲ್ಲಿಗೆ ಏನು ಕಲಿಸಬೇಕೆಂದು ಹೇಗೆ ತೀರ್ಮಾನಿಸುತ್ತೀರಿ ಮೇಷ್ಟ್ರೇ?"

ತೀರ್ಮಾನಿಸಬೇಕಾದವರು ಆ ಕೆಲಸ ಮಾಡುತ್ತಿರುವವರು ಎಂಬುದೇ ನನ್ನ ಉತ್ತರ. 1960ರ ದಶಕದಲ್ಲಿ ಕೆನಡಾದಲ್ಲಿ ರೂಪುಗೊಂಡ ಡಾಕಮ್ ಪದ್ಧತಿಯಲ್ಲಿ, ಕಸುಬಿನಲ್ಲಿ ಪಳಗಿದ ಎಂಟು ಹತ್ತು ಮಂದಿಯನ್ನು ಒಂದೆಡೆ ಕೂರಿಸಿ, ಅವರು ನಿಜವಾಗಿ ಮಾಡುವ ಒಂದೊಂದು ಕೆಲಸವನ್ನೂ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. ಪಠ್ಯ ಹುಟ್ಟುವುದು ಆ ಗೋಡೆಯಿಂದ. ರಜೆಗೆ ಊರಿಗೆ ಬಂದಿದ್ದ ಹಡಗಿನ ಎಲೆಕ್ಟ್ರಿಷಿಯನ್ ಒಬ್ಬರು, ನಾನು ಬರೆದಿದ್ದ "ವಿದ್ಯುತ್ ವಿತರಣೆಯ ಜ್ಞಾನ" ಎಂಬ ಸಾಲನ್ನು ಹೊಡೆದುಹಾಕಿ, "ಅರ್ತ್ ಫಾಲ್ಟ್ ಹುಡುಕುವುದು" ಎಂದು ಬರೆದರು; ಅಂದರೆ, ಕರೆಂಟಿನ ತಂತಿ ಹಡಗಿನ ಒಡಲಿಗೆ ತಾಗಿರುವ ಜಾಗವನ್ನು ಪತ್ತೆಹಚ್ಚುವುದು.

ಆ ತಿದ್ದುಪಡಿಯ ತೂಕ ದೊಡ್ಡದು. ನಮ್ಮ ಊರಿನಲ್ಲಿ ನ್ಯೂಟ್ರಲ್ ನೆಲಕ್ಕೆ ಸೇರಿರುವುದರಿಂದ ಒಂದು ಫೇಸ್ ನೆಲಕ್ಕೆ ತಾಗಿದರೆ ಫ್ಯೂಸ್ ಹೋಗುತ್ತದೆ, ತಪ್ಪು ತಾನಾಗಿ ಗೊತ್ತಾಗುತ್ತದೆ. ಬಹುತೇಕ ಹಡಗುಗಳ 440 ವೋಲ್ಟಿನ ವ್ಯವಸ್ಥೆಯಲ್ಲಿ ನ್ಯೂಟ್ರಲ್ಲನ್ನು ಹಡಗಿನ ಒಡಲಿಗೆ ಜೋಡಿಸಿರುವುದಿಲ್ಲ. ಒಂದು ದೋಷಕ್ಕೇ ಚುಕ್ಕಾಣಿಯ ಮೋಟಾರು ನಿಂತುಹೋಗಬಾರದೆಂದು ಹಾಗೆ ಮಾಡಿರುತ್ತಾರೆ. ಆದ್ದರಿಂದ ಮೊದಲ ದೋಷ ಸದ್ದಿಲ್ಲದೆ ಉಳಿದು, ಎರಡನೆಯದು ಬೇರೆ ಫೇಸಿನಲ್ಲಿ ಬಂದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಅಷ್ಟರೊಳಗೆ ದೋಷ ತೋರಿಸುವ ಸೂಚಕ ನೋಡಿ, ಬ್ರೇಕರುಗಳನ್ನು ಒಂದೊಂದಾಗಿ, ಯಾವುದನ್ನು ತೆಗೆಯಬಹುದೆಂದು ಕೇಳಿಕೊಂಡು ತೆಗೆದು, ದೋಷವಿರುವ ಸರ್ಕ್ಯೂಟನ್ನು ಹಿಡಿಯಬೇಕು. ನೆಲದ ಪಾಠವನ್ನಷ್ಟೇ ಕಲಿತವನಿಗೆ ಇದು ಹೊಳೆಯುವುದಿಲ್ಲ.

ಕೆಲಸಗಾರರ ಮಾತನ್ನು 1978ರ ಎಸ್‌ಟಿಸಿಡಬ್ಲ್ಯೂ ಎಂಬ, ಹಡಗು ಸಿಬ್ಬಂದಿಯ ತರಬೇತಿಯ ಮಟ್ಟ ಗೊತ್ತುಮಾಡುವ ಅಂತರರಾಷ್ಟ್ರೀಯ ಒಪ್ಪಂದದ ಕೋಷ್ಟಕಗಳ ಜೊತೆ ಇಟ್ಟು ನೋಡುತ್ತೇನೆ. 2010ರ ಮನಿಲಾ ತಿದ್ದುಪಡಿಗಳು ಎಲೆಕ್ಟ್ರೋ ಟೆಕ್ನಿಕಲ್ ಆಫೀಸರ್, ಅಂದರೆ ಹಡಗಿನ ವಿದ್ಯುತ್ ವ್ಯವಸ್ಥೆ ನೋಡಿಕೊಳ್ಳುವ ಅಧಿಕಾರಿಯ, ಹುದ್ದೆಗೆ ಪ್ರತ್ಯೇಕ ಕೋಷ್ಟಕವನ್ನೇ ಕೊಟ್ಟಿವೆ. ಅದರಲ್ಲಿ ನಾಲ್ಕು ಕಾಲಮ್‌ಗಳಿವೆ: ಸಾಮರ್ಥ್ಯ, ಅದಕ್ಕೆ ಬೇಕಾದ ತಿಳಿವಳಿಕೆ, ತೋರಿಸುವ ರೀತಿ, ಅಳೆಯುವ ಮಾನದಂಡ. ನಮ್ಮ ಪಠ್ಯಕ್ರಮಗಳು ಎರಡನೆಯ ಕಾಲಮ್ಮಿನಲ್ಲೇ ಮುಗಿದುಹೋಗುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಬೆಂಕಿ ನಂದಿಸುವುದು, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು ಮಾನ್ಯತೆ ಪಡೆದ ಕೇಂದ್ರಗಳಲ್ಲೇ ಆಗಬೇಕು. ಅದನ್ನು ಇಲ್ಲಿ ಕಲಿಸುತ್ತೇವೆನ್ನುವುದು ತಪ್ಪು. ಆದರೆ ಬೋರ್‌ವೆಲ್ ಮೋಟಾರು ಮೇಲೆತ್ತಿ, ವೈಂಡಿಂಗ್ ಸುಟ್ಟಿದೆಯೇ ಎಂದು ಮೆಗ್ಗರ್ (ತಂತಿಯ ನಿರೋಧನ ಅಳೆಯುವ ಮೀಟರು) ಹಿಡಿದು ನೋಡುವ ಕೈ ನಮ್ಮ ಹುಡುಗರಿಗೆ ಮನೆಯಿಂದಲೇ ಬಂದಿರುತ್ತದೆ. ಆ ಕೈಗೆ ಹಡಗಿನ ರೀತಿಯ ದೋಷ ಹುಡುಕುವ ಅಭ್ಯಾಸವೂ ಸಿಗಲೆಂದೇ, ಕರಡಿನ ಮೊದಲ ಬೇಡಿಕೆಯಾಗಿ, ನ್ಯೂಟ್ರಲ್ ಜೋಡಿಸದ ಒಂದು ಪ್ಯಾನೆಲ್ಲನ್ನು ನಮ್ಮ ಪ್ರಯೋಗಾಲಯದಲ್ಲಿ ಕಟ್ಟಿಸಿಕೊಡಿ ಎಂದು ಬರೆದಿದ್ದೇನೆ.