ಕೊಬ್ಬು ಬಿಡಬೇಕಾ, ಕಾರ್ಬ್ ಬಿಡಬೇಕಾ?

"ಸರ್ಕಾರದವರ ಆಹಾರ ಸಲಹೆಯನ್ನೇ ಪ್ರಶ್ನೆ ಮಾಡ್ತೀರಲ್ಲ, ಹಾಗಾದರೆ ಕೊಬ್ಬು ಎಷ್ಟು ಬೇಕಾದರೂ ತಿನ್ನಬಹುದಾ?" ಊಟದ ಮಾತು ಬಂದಾಗಲೆಲ್ಲ ಯಾರಾದರೂ ನನ್ನನ್ನು ಹೀಗೆ ಕೇಳುತ್ತಾರೆ. ಇಲ್ಲ, ಹಾಗೆ ತಿನ್ನಬಾರದು. ಆದರೂ ನಾನು ಪ್ರಶ್ನೆ ಮಾಡುವುದನ್ನು ಬಿಡುವುದಿಲ್ಲ.

1977ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಕೊಬ್ಬು ಕಡಿಮೆ ಮಾಡಿ, ಕಾರ್ಬೋಹೈಡ್ರೇಟ್ (ಕಾರ್ಬ್, ಅಂದರೆ ಅನ್ನ, ಬ್ರೆಡ್‌ನಂಥ ಆಹಾರದಲ್ಲಿರುವ ಪಿಷ್ಟ, ಸಕ್ಕರೆ) ಜಾಸ್ತಿ ತಿನ್ನಿ ಎಂದು ಜನರಿಗೆ ಹೇಳಿತು. ಜಾರ್ಜ್ ಮೆಕ್‌ಗವರ್ನ್ ಅದರ ಅಧ್ಯಕ್ಷರು. ಸಕ್ಕರೆ ಕಡಿಮೆ ಮಾಡಿ ಅಂತಲೂ ಅದೇ ವರದಿ ಹೇಳಿತ್ತು. ಜನರ ಕಿವಿಗೆ ಬಿದ್ದಿದ್ದು ಮಾತ್ರ ಕೊಬ್ಬಿನ ಮಾತು. 1992ರಲ್ಲಿ ಅಮೆರಿಕ ಸರ್ಕಾರದ ಆಹಾರ ಪಿರಮಿಡ್ ಬಂತು, ಯಾವುದನ್ನು ಎಷ್ಟು ತಿನ್ನಬೇಕು ಅಂತ ತೋರಿಸುವ ಚಿತ್ರ. ಅದರ ಬುಡದಲ್ಲಿ ಬ್ರೆಡ್, ಅನ್ನ, ಪಾಸ್ತಾ. ದಿನಕ್ಕೆ 6ರಿಂದ 11 ಪಾಲು. ತುದಿಯಲ್ಲಿ ಎಣ್ಣೆ, ಕೊಬ್ಬು, ಸಿಹಿ ಎಲ್ಲವೂ ಒಂದೇ ಗುಂಪು. ಇಡೀ ಧಾನ್ಯಕ್ಕೂ ಮೈದಾಕ್ಕೂ ಚಿತ್ರದಲ್ಲಿ ವ್ಯತ್ಯಾಸವೇ ಕಾಣುತ್ತಿರಲಿಲ್ಲ.

ನನ್ನ ತಕರಾರು ಇಲ್ಲೇ ಇರೋದು. ಒಂದನ್ನು ತಟ್ಟೆಯಿಂದ ತೆಗೆದರೆ ಆ ಜಾಗಕ್ಕೆ ಇನ್ನೊಂದು ಬಂದೇ ಬರುತ್ತದೆ, ಅಲ್ವಾ? ಬಿಸ್ಕತ್ತಿನಿಂದ ಕೊಬ್ಬು ತೆಗೆದರೆ ರುಚಿ ಹೋಗುತ್ತದೆ. ಕಂಪನಿಗಳು ಸಕ್ಕರೆ, ಪಿಷ್ಟ ಸುರಿದು ಆ ರುಚಿ ತುಂಬಿಸಿಕೊಂಡವು. ಮೇಲೆ 'ಲೋ ಫ್ಯಾಟ್' ಅಂತ ಚೀಟಿ. ಜನ ಅದನ್ನು ನಂಬಿ ಎರಡು ಜಾಸ್ತಿಯೇ ತಿಂದರು. ಬೆಣ್ಣೆ ಬಿಟ್ಟವರು ಎಣ್ಣೆಯಿಂದ ಮಾಡಿದ ಬೆಣ್ಣೆಯಂಥ ಮಾರ್ಗರಿನ್ ಹಚ್ಚಿಕೊಂಡರು. ಆಗಿನ ಮಾರ್ಗರಿನ್‌ನಲ್ಲಿದ್ದ ಟ್ರಾನ್ಸ್ ಫ್ಯಾಟ್ (ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಕೊಬ್ಬು) ಹೃದಯಕ್ಕೆ ಬೆಣ್ಣೆಗಿಂತ ಕೆಟ್ಟದ್ದು ಅನ್ನೋದು ಆಮೇಲೆ ಗೊತ್ತಾಯಿತು. ಹೇಳಿದ ಮಾತು ಕೇಳಿದವರಿಗೇ ಹೀಗಾಯಿತಲ್ಲ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

2006ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರ ಫಲಿತಾಂಶ ಬಂತು. ಸುಮಾರು 48,800 ಮಹಿಳೆಯರು, ಸರಾಸರಿ ಎಂಟು ವರ್ಷ. ಕೊಬ್ಬು ಕಡಿಮೆ ಮಾಡಿದ ಗುಂಪಿನಲ್ಲಿ ಹೃದ್ರೋಗವಾಗಲಿ ಪಾರ್ಶ್ವವಾಯುವಾಗಲಿ ಗಮನಾರ್ಹವಾಗಿ ಇಳಿಯಲಿಲ್ಲ. ಆಹಾರದ ಕೊಲೆಸ್ಟರಾಲ್ ದಿನಕ್ಕೆ 300 ಮಿಲಿಗ್ರಾಂ ದಾಟಬಾರದು ಎಂಬ ಮಿತಿಯನ್ನು ಅಮೆರಿಕ ಸರ್ಕಾರದ 2015ರ ಆಹಾರ ಮಾರ್ಗಸೂಚಿ ಕೈಬಿಟ್ಟಿತು.

ಹಾಗಂತ ಎಲ್ಲವೂ ಸುಳ್ಳಲ್ಲ. ಬೆಣ್ಣೆ, ಮಾಂಸದ ಕೊಬ್ಬಿನಂಥ ಸ್ಯಾಚುರೇಟೆಡ್ ಕೊಬ್ಬು ದಿನದ ಕ್ಯಾಲೊರಿಯಲ್ಲಿ ಶೇ. 10ಕ್ಕಿಂತ ಕಡಿಮೆ ಇರಲಿ ಅನ್ನುವ ಸಲಹೆ ಹಾಗೇ ಉಳಿದಿದೆ. ಅದನ್ನು ನಾನು ಒಪ್ಪುತ್ತೇನೆ. ಅದರ ಬದಲು ಬೀಜ, ಕಾಳಿನ ಎಣ್ಣೆ ಬಳಸಿದರೆ ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆ. ಅದರ ಬದಲು ಮೈದಾ, ಸಕ್ಕರೆ ತಿಂದರೆ ಹೃದಯಕ್ಕೆ ಲಾಭವೇನೂ ಇಲ್ಲ.

ಕಾರ್ಬ್ ಬಿಟ್ಟರೆ ತೂಕ ಬೇಗ ಇಳಿಯುತ್ತದಾ ಅಂತಲೂ ಕೇಳುತ್ತಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಒಂದು ವರ್ಷ ನೋಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊಬ್ಬು ಕಡಿಮೆ ಮಾಡಿದವರು, ಕಾರ್ಬ್ ಕಡಿಮೆ ಮಾಡಿದವರು, ಇಬ್ಬರೂ ಸರಿಸುಮಾರು ಒಂದೇ ಅಷ್ಟು ಇಳಿದರು. ಎರಡೂ ಗುಂಪಿಗೆ ಸಕ್ಕರೆ, ಮೈದಾ ಕಡಿಮೆ ಮಾಡಿ, ತರಕಾರಿ ಜಾಸ್ತಿ ತಿನ್ನಿ ಎಂದಿದ್ದರು. ನನಗೆ ಮುಖ್ಯ ಅನ್ನಿಸುವುದು ಅದೇ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ಮಾತ್ರ ಸುಮ್ನೆ ಕಾರ್ಬ್ ಬಿಡಬೇಡಿ. ಔಷಧಿ ಅಷ್ಟೇ ಇದ್ದು ಕಾರ್ಬ್ ಕಡಿಮೆಯಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಕ್ಟರ ಹತ್ತಿರ ಮೊದಲು ಡೋಸ್ ಬಗ್ಗೆ ಮಾತಾಡಿ, ಆಮೇಲೆ ಶುರು ಮಾಡಿ.